ಕೃಷಿ ಮಾಹಿತಿ ಸರ್ವರ್‌ಗಳ ಮೇಲೆ ನಿಗಾ: ಕಿರುಸಂದೇಶದ ಮೂಲಕ ಎಚ್ಚರಿಕೆ ನೀಡುವ ವ್ಯವಸ್ಥೆ

ಪೀಠಿಕೆ

ಗ್ರಾಮೀಣ ಕೃಷಿ ಹವಾಮಾನ ಸೇವೆಯಡಿ ಪ್ರತಿ ಮಂಗಳವಾರ ಮತ್ತು ಶುಕ್ರವಾರ, ಮುಂದಿನ ಐದು ದಿನಗಳ ಹವಾಮಾನ ಮುನ್ಸೂಚನೆಯನ್ನು ಆಧರಿಸಿದ ಕೃಷಿ ಸಲಹೆಗಳನ್ನು ಪ್ರಕಟಿಸಲಾಗುತ್ತದೆ. ಬಿತ್ತನೆ, ಗೊಬ್ಬರ ಕೊಡುವುದು, ಔಷಧ ಸಿಂಪಡಣೆ, ಕಟಾವು ಮುಂತಾದ ಕೆಲಸಗಳ ದಿನವನ್ನು ಅನೇಕ ರೈತರು ಈ ಸಲಹೆಗಳನ್ನು ನೋಡಿ ನಿಶ್ಚಯಿಸುತ್ತಾರೆ. 2013ರ ಜುಲೈ 16ರಂದು ರೈತರಿಗಾಗಿ ಕೇಂದ್ರ ಸರ್ಕಾರದ ಕಿರುಸಂದೇಶ ಪೋರ್ಟಲ್ ಉದ್ಘಾಟನೆಗೊಂಡ ಬಳಿಕ ಸಲಹೆಗಳು ನೇರವಾಗಿ ರೈತರ ಮೊಬೈಲ್‌ಗೆ ತಲುಪುವ ಪದ್ಧತಿ ವ್ಯಾಪಕವಾಯಿತು.

ಈ ಸಲಹೆಯ ಹಿಂದೆ ಒಂದು ಉದ್ದವಾದ ಸರಪಣಿ ಇದೆ. ಹೊಲದ ಅಂಚಿನಲ್ಲಿರುವ ಸ್ವಯಂಚಾಲಿತ ಹವಾಮಾನ ಕೇಂದ್ರ, ಅದರಿಂದ ದತ್ತಾಂಶವನ್ನು ಸಾಗಿಸುವ ಮೋಡೆಮ್, ದತ್ತಾಂಶವನ್ನು ಸ್ವೀಕರಿಸುವ ಸರ್ವರ್, ಅದನ್ನು ಕೂಡಿಡುವ ಡೇಟಾಬೇಸ್, ಸಲಹೆಯನ್ನು ತೋರಿಸುವ ಜಾಲತಾಣ ಮತ್ತು ಸಂದೇಶ ರವಾನಿಸುವ ತಂತ್ರಾಂಶ ಇವು ಆ ಸರಪಣಿಯ ಕೊಂಡಿಗಳು. ಯಾವುದೇ ಒಂದು ಕೊಂಡಿ ಕಳಚಿದರೂ ರೈತನಿಗೆ ಸಲಹೆ ತಲುಪದು. ಶುಕ್ರವಾರ ಸಂಜೆ ಕಚೇರಿ ಮುಚ್ಚಿದ ಮೇಲೆ ಸರ್ವರ್ ಸ್ಥಗಿತಗೊಂಡರೆ ಅದು ಸಿಬ್ಬಂದಿಯ ಗಮನಕ್ಕೆ ಬರುವುದು ಸೋಮವಾರ ಬೆಳಿಗ್ಗೆ. ಅದೂ ಬಹಳ ಸಲ ರೈತರೊಬ್ಬರು ದೂರವಾಣಿ ಕರೆ ಮಾಡಿ ವಿಚಾರಿಸಿದಾಗ.

ಸೇವೆ ನಿಂತದ್ದು ಬಳಕೆದಾರರಿಗಿಂತ ಮೊದಲು ಅದರ ಜವಾಬ್ದಾರಿ ಹೊತ್ತವರಿಗೆ ತಿಳಿಯಬೇಕು. ಇದಕ್ಕಾಗಿ ಸರ್ವರ್‌ಗಳ ಮೇಲೆ ಸತತವಾಗಿ ನಿಗಾ ಇಟ್ಟು, ದೋಷ ಕಂಡೊಡನೆ ಹೊಣೆಗಾರರ ಮೊಬೈಲ್‌ಗೆ ಕಿರುಸಂದೇಶ ಕಳುಹಿಸುವ ವ್ಯವಸ್ಥೆಯನ್ನು ಅಳವಡಿಸಿಕೊಳ್ಳಬಹುದು. ಕೃಷಿ ವಿಜ್ಞಾನ ಕೇಂದ್ರಗಳು, ಸಂಶೋಧನಾ ಕೇಂದ್ರಗಳು, ರೈತ ಉತ್ಪಾದಕ ಸಂಸ್ಥೆಗಳು ಹಾಗೂ ಶೀತಲ ಗೃಹಗಳನ್ನು ನಡೆಸುವವರು ಅಲ್ಪ ವೆಚ್ಚದಲ್ಲಿ ಇಂತಹ ವ್ಯವಸ್ಥೆಯನ್ನು ರೂಪಿಸಿಕೊಳ್ಳುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಸೇವೆ ನಿಂತಾಗ ಆಗುವ ನಷ್ಟ

ರೋಗ ಮುನ್ಸೂಚನೆಯ ಮಾದರಿಗಳು ಗಂಟೆ ಗಂಟೆಯ ದತ್ತಾಂಶವನ್ನು ಬೇಡುತ್ತವೆ. ಆಲೂಗಡ್ಡೆಯ ಕೊನೆ ಅಂಗಮಾರಿ ರೋಗಕ್ಕೆ ಬ್ರಿಟನ್ನಿನಲ್ಲಿ 1956ರಲ್ಲಿ ರೂಪಿಸಲಾದ ‘ಸ್ಮಿತ್ ಅವಧಿ’ ಎಂಬ ಸೂತ್ರವನ್ನು ಉದಾಹರಣೆಯಾಗಿ ನೋಡಬಹುದು. ಸತತ ಎರಡು ದಿನ ಕನಿಷ್ಠ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದೆ, ಎರಡೂ ದಿನ ಕನಿಷ್ಠ 11 ಗಂಟೆಗಳ ಕಾಲ ಶೇ. 90 ಅಥವಾ ಅದಕ್ಕಿಂತ ಹೆಚ್ಚಿನ ಸಾಪೇಕ್ಷ ಆರ್ದ್ರತೆ ಇದ್ದರೆ ರೋಗ ಹರಡುವ ಸಂಭವವಿದೆ ಎಂದು ಈ ಸೂತ್ರ ಎಚ್ಚರಿಸುತ್ತದೆ. ಆರ್ದ್ರತೆ ಏರುವುದು ಸಾಮಾನ್ಯವಾಗಿ ರಾತ್ರಿಯಲ್ಲಿ. ಆ ರಾತ್ರಿಯ ದತ್ತಾಂಶವೇ ಸರ್ವರ್ ಸೇರದಿದ್ದರೆ 11 ಗಂಟೆಗಳ ಲೆಕ್ಕ ಹಾಕಲು ಸಾಧ್ಯವಿಲ್ಲ.

ಹಾಸನ ಜಿಲ್ಲೆಯ ಮುಂಗಾರು ಆಲೂಗಡ್ಡೆ ಬೆಳೆಗಾಗಲಿ, ಮಲೆನಾಡಿನ ಅಡಿಕೆ ತೋಟದ ಕೊಳೆರೋಗಕ್ಕಾಗಲಿ ಮುನ್ನೆಚ್ಚರಿಕೆಯ ಸಿಂಪಡಣೆಗೆ ದೊರೆಯುವ ಬಿಡುವು ಬಹಳ ಕಿರಿದು. ಎಡೆಬಿಡದ ಮಳೆಯ ನಡುವೆ ಬೋರ್ಡೋ ದ್ರಾವಣ ಸಿಂಪಡಿಸಲು ಸಿಗುವ ಒಂದೆರಡು ಒಣ ದಿನಗಳ ಮುನ್ಸೂಚನೆ ತಪ್ಪಿಹೋದರೆ, ಮುಂದಿನ ಅವಕಾಶಕ್ಕೆ ಹಲವು ದಿನ ಕಾಯಬೇಕಾದೀತು. ಹವಾಮಾನ ಕೇಂದ್ರದ ಸ್ಮರಣಕೋಶದಲ್ಲಿ ದತ್ತಾಂಶ ಉಳಿದಿದ್ದರೆ ಅದನ್ನು ಅನಂತರ ತುಂಬಿಕೊಳ್ಳಬಹುದು. ಆದರೆ ಅಂದು ಕೊಡಬೇಕಾಗಿದ್ದ ಎಚ್ಚರಿಕೆಯನ್ನು ಅನಂತರ ಕೊಟ್ಟು ಪ್ರಯೋಜನವಿಲ್ಲ.

ಸರ್ವರ್ ಪೂರ್ತಿ ನಿಂತುಹೋಗುವುದಕ್ಕಿಂತ ಹೆಚ್ಚು ಅಪಾಯಕಾರಿಯಾದ ಮತ್ತೊಂದು ಸ್ಥಿತಿ ಇದೆ. ಜಾಲತಾಣ ತೆರೆದುಕೊಳ್ಳುತ್ತದೆ, ಪುಟ ಕಾಣಿಸುತ್ತದೆ, ಆದರೆ ಅದರಲ್ಲಿರುವುದು ನಾಲ್ಕು ದಿನ ಹಿಂದಿನ ಮುನ್ಸೂಚನೆ. ಪುಟ ತೆರೆಯದಿದ್ದರೆ ರೈತರು ಬೇರೆ ಮೂಲವನ್ನಾದರೂ ಹುಡುಕುತ್ತಾರೆ. ಹಳೆಯ ಮಾಹಿತಿಯನ್ನು ಹೊಸದೆಂದು ನಂಬಿದರೆ ತಪ್ಪು ದಿನದಂದು ಸಿಂಪಡಣೆ ಮಾಡುತ್ತಾರೆ.

ಸೇವೆಯ ಲಭ್ಯತೆಯನ್ನು ಶೇಕಡಾವಾರು ಹೇಳುವುದು ವಾಡಿಕೆ. ಈ ಅಂಕಿಗಳ ಅರ್ಥವನ್ನು ಕೆಳಗೆ ಗಮನಿಸಬಹುದು.

• ಶೇ. 99 ಲಭ್ಯತೆ: ವರ್ಷಕ್ಕೆ ಒಟ್ಟು ಸುಮಾರು 3 ದಿನ 16 ಗಂಟೆ ಸೇವೆ ಇರುವುದಿಲ್ಲ.
• ಶೇ. 99.9 ಲಭ್ಯತೆ: ವರ್ಷಕ್ಕೆ ಸುಮಾರು 8 ಗಂಟೆ 46 ನಿಮಿಷ.
• ಶೇ. 99.99 ಲಭ್ಯತೆ: ವರ್ಷಕ್ಕೆ ಸುಮಾರು 53 ನಿಮಿಷ.

ವಾರಾಂತ್ಯದಲ್ಲಿ ಒಮ್ಮೆ ನಿಂತ ಸರ್ವರ್ ಸೋಮವಾರ ಸರಿಯಾದರೆ ವರ್ಷದ ಲಭ್ಯತೆ ಶೇ. 99ರ ಮೇಲೆಯೇ ಇರುತ್ತದೆ. ಆದರೆ ಆ ಎರಡೂವರೆ ದಿನಗಳು ಬಿತ್ತನೆಯ ಕಾಲದಲ್ಲಿ ಬಂದರೆ ಶೇಕಡಾವಾರು ಅಂಕಿಯಿಂದ ಯಾರಿಗೂ ಸಮಾಧಾನವಾಗದು. ದುರಸ್ತಿಗೆ ಹಿಡಿಯುವ ಸಮಯ ನಮ್ಮ ಕೈಯಲ್ಲಿ ಇಲ್ಲದಿರಬಹುದು. ದೋಷ ಗಮನಕ್ಕೆ ಬರುವವರೆಗಿನ ಸಮಯವನ್ನು ಮಾತ್ರ ಕೆಲವೇ ನಿಮಿಷಗಳಿಗೆ ಇಳಿಸಲು ಸಾಧ್ಯ.

ನಿಗಾ ವ್ಯವಸ್ಥೆಯ ತತ್ವ

ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ಅಳವಡಿಸಿಕೊಂಡಿರುವ ರೈತರಿಗೆ ಈ ತತ್ವ ಹೊಸದಲ್ಲ. ತ್ರೀಫೇಸ್ ವಿದ್ಯುತ್ ಬಂದಾಗ, ಮೋಟಾರ್ ಚಾಲೂ ಆದಾಗ ಅಥವಾ ಕೊಳವೆಬಾವಿಯಲ್ಲಿ ನೀರಿಲ್ಲದೆ ಮೋಟಾರ್ ನಿಂತಾಗ ಆ ಸಾಧನವು ಮನೆಯಲ್ಲಿರುವ ರೈತನ ಮೊಬೈಲ್‌ಗೆ ತಿಳಿಸುತ್ತದೆ. ರೈತ ರಾತ್ರಿ ತೋಟಕ್ಕೆ ಹೋಗಿ ನೋಡುವ ಕೆಲಸ ತಪ್ಪುತ್ತದೆ. ಸರ್ವರ್‌ಗಳ ನಿಗಾ ವ್ಯವಸ್ಥೆಯೂ ಇದೇ ರೀತಿಯದು. ‘ನಿಗಾ ಗಣಕ’ ಎಂಬ ಪ್ರತ್ಯೇಕ ಕಂಪ್ಯೂಟರ್ ನಿಗದಿತ ಅವಧಿಗೊಮ್ಮೆ ಪ್ರತಿಯೊಂದು ಸೇವೆಯನ್ನು ಪರೀಕ್ಷಿಸಿ, ಉತ್ತರ ಬಾರದಿದ್ದರೆ ಅಥವಾ ಉತ್ತರ ಸರಿಯಿಲ್ಲದಿದ್ದರೆ ಸಂದೇಶ ಕಳುಹಿಸುತ್ತದೆ.

ಪರೀಕ್ಷೆಯನ್ನು ಐದು ಹಂತಗಳಲ್ಲಿ ನಡೆಸುವುದು ಸೂಕ್ತ.

1. ಯಂತ್ರ ಜೀವಂತವಾಗಿದೆಯೇ: ‘ಪಿಂಗ್’ ಎಂಬ ಸಣ್ಣ ಸಂಕೇತವನ್ನು ಕಳುಹಿಸಿ ಮರುಸಂಕೇತ ಬರುವುದೇ ಎಂದು ನೋಡಲಾಗುತ್ತದೆ. ಇದು ಯಂತ್ರಕ್ಕೆ ವಿದ್ಯುತ್ ಇದೆ, ಜಾಲದ ಸಂಪರ್ಕ ಇದೆ ಎಂಬುದನ್ನಷ್ಟೇ ತಿಳಿಸುತ್ತದೆ.

2. ಸೇವೆ ಬಾಗಿಲು ತೆರೆದಿದೆಯೇ: ಪ್ರತಿಯೊಂದು ಸೇವೆಗೂ ‘ಪೋರ್ಟ್’ ಎಂಬ ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ ಜಾಲತಾಣಕ್ಕೆ 80 ಮತ್ತು 443, ಇಮೇಲ್ ರವಾನೆಗೆ 25, ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ 3306 ಬಳಕೆಯಲ್ಲಿವೆ. ಯಂತ್ರ ಪಿಂಗ್‌ಗೆ ಉತ್ತರಿಸುತ್ತಿದ್ದರೂ ಡೇಟಾಬೇಸ್ ನಿಂತಿರುವ ಸಾಧ್ಯತೆ ಇರುವುದರಿಂದ ಈ ಪರೀಕ್ಷೆಯನ್ನು ಪ್ರತ್ಯೇಕವಾಗಿ ಮಾಡಬೇಕು.

3. ಉತ್ತರ ಸರಿಯಾಗಿದೆಯೇ: ಪುಟವನ್ನು ತೆರೆದು, ಅದರಲ್ಲಿ ಇರಲೇಬೇಕಾದ ಒಂದು ಪದ ಇದೆಯೇ ಎಂದು ನೋಡಬೇಕು. ದೋಷದ ಸೂಚನೆಯನ್ನು ತೋರಿಸುವ ಪುಟವೂ ‘ತೆರೆದ ಪುಟ’ವೇ ಆಗಿರುವುದರಿಂದ ಈ ಎಚ್ಚರ ಅಗತ್ಯ.

4. ದತ್ತಾಂಶ ತಾಜಾ ಆಗಿದೆಯೇ: ಡೇಟಾಬೇಸ್‌ನಲ್ಲಿರುವ ಕೊನೆಯ ದಾಖಲೆಯ ಸಮಯವನ್ನು ಈಗಿನ ಸಮಯದೊಂದಿಗೆ ಹೋಲಿಸಬೇಕು. ಹದಿನೈದು ನಿಮಿಷಕ್ಕೊಮ್ಮೆ ದತ್ತಾಂಶ ಕಳುಹಿಸುವ ಕೇಂದ್ರದಿಂದ ಒಂದು ಗಂಟೆ ಏನೂ ಬಾರದಿದ್ದರೆ ಎಚ್ಚರಿಕೆ ಹೊರಡಬೇಕು. ಕೃಷಿ ಸಲಹಾ ಸೇವೆಗಳಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಮೇಲೆ ಹೇಳಿದ ಹಳೆಯ ಮುನ್ಸೂಚನೆಯ ಅಪಾಯವನ್ನು ಮೊದಲ ಮೂರು ಹಂತಗಳು ಕಂಡುಹಿಡಿಯಲಾರವು.

5. ಮುಂದೆ ತೊಂದರೆ ಬರುವ ಲಕ್ಷಣಗಳಿವೆಯೇ: ಡಿಸ್ಕ್ ಶೇ. 80 ತುಂಬಿದಾಗ ಸೂಚನೆ, ಶೇ. 90 ತುಂಬಿದಾಗ ತುರ್ತು ಎಚ್ಚರಿಕೆ ಎಂದು ಎರಡು ಮಿತಿಗಳನ್ನು ಇಡಬಹುದು. ಜಾಲತಾಣದ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿಯುವ ದಿನ, ಹಿಂದಿನ ರಾತ್ರಿಯ ಬ್ಯಾಕಪ್ ನಡೆದಿದೆಯೇ, ಸರ್ವರ್ ಕೊಠಡಿಯ ಉಷ್ಣಾಂಶ, ಯುಪಿಎಸ್ ಬ್ಯಾಟರಿಯ ಸ್ಥಿತಿ ಇವನ್ನೂ ಸೇರಿಸಬೇಕು. ಈ ಬಗೆಯ ತೊಂದರೆಗಳು ಹಠಾತ್ತನೆ ಬರುವುದಿಲ್ಲ. ದಿನಗಳ ಮೊದಲೇ ಕಾಣಿಸಿಕೊಳ್ಳುತ್ತವೆ.

ಇಂತಹ ಪರೀಕ್ಷೆಗಳಿಗೆ ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶಗಳಿವೆ. 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಲ್ಲಿ ಬಿಡುಗಡೆಯಾಗಿ ಅನಂತರ ಹೆಸರು ಬದಲಿಸಿಕೊಂಡ ನಾಗಿಯೋಸ್, ಅದರಿಂದ 2009ರಲ್ಲಿ ಕವಲೊಡೆದ ಐಸಿಂಗಾ, ಹಾಗೂ ಜಾಬಿಕ್ಸ್ ಇವುಗಳಲ್ಲಿ ಪ್ರಮುಖವಾದವು. ಹತ್ತಿಪ್ಪತ್ತು ಸೇವೆಗಳ ನಿಗಾಕ್ಕೆ ದೊಡ್ಡ ಯಂತ್ರ ಬೇಕಿಲ್ಲ; ಲಿನಕ್ಸ್ ಅಳವಡಿಸಿದ ಹಳೆಯ ಕಂಪ್ಯೂಟರ್ ಅಥವಾ ರಾಸ್ಪ್‌ಬೆರಿ ಪೈ ತರಹದ ಅಂಗೈಯಗಲದ ಗಣಕ ಸಾಕಾಗುತ್ತದೆ. ಆದರೆ ನಿಗಾ ತಂತ್ರಾಂಶವನ್ನು ನಿಗಾಕ್ಕೊಳಪಟ್ಟ ಸರ್ವರ್‌ನಲ್ಲಿಯೇ ಎಂದೂ ಅಳವಡಿಸಬಾರದು. ಸರ್ವರ್ ನಿಂತರೆ ನಿಗಾವೂ ಅದರೊಡನೆ ನಿಲ್ಲುತ್ತದೆ.

ಕಿರುಸಂದೇಶವೇ ಏಕೆ?

ಇಮೇಲ್ ಮೂಲಕವೂ ಎಚ್ಚರಿಕೆ ಕಳುಹಿಸಬಹುದು. ಆದರೆ ಅಂತರ್ಜಾಲ ಸಂಪರ್ಕವೇ ಕಡಿದುಹೋದರೆ, ಅಥವಾ ನಿಂತದ್ದು ಇಮೇಲ್ ಸರ್ವರ್ ಆಗಿದ್ದರೆ, ಆ ಸುದ್ದಿಯನ್ನು ಹೊತ್ತ ಇಮೇಲ್ ಕಚೇರಿಯಿಂದ ಹೊರಗೇ ಹೋಗದು. ವಾಟ್ಸ್‌ಆಪ್ ಮುಂತಾದ ಸೇವೆಗಳಿಗೂ ಎರಡೂ ಕಡೆ ಅಂತರ್ಜಾಲ ಬೇಕು. ಎಚ್ಚರಿಕೆ ಸಾಗುವ ಮಾರ್ಗ, ಕೆಟ್ಟಿರುವ ಮಾರ್ಗಕ್ಕಿಂತ ಬೇರೆಯಾಗಿರಬೇಕು ಎಂಬುದು ಈ ವ್ಯವಸ್ಥೆಯ ಮೊದಲ ನಿಯಮ.

ಕಿರುಸಂದೇಶ ಮೊಬೈಲ್ ಜಾಲದ ಮೂಲಕ ಸಾಗುವುದರಿಂದ ಕಚೇರಿಯ ಅಂತರ್ಜಾಲವನ್ನು ಅವಲಂಬಿಸುವುದಿಲ್ಲ. ಸ್ವೀಕರಿಸುವವರ ಮೊಬೈಲ್‌ನಲ್ಲಿ ಡೇಟಾ ಇರಬೇಕಾಗಿಲ್ಲ; ಸಾಧಾರಣ ಕೀಪ್ಯಾಡ್ ಫೋನ್ ಸಾಕು. ಸಿಗ್ನಲ್ ದುರ್ಬಲವಾಗಿ ಮಾತು ಕೇಳಿಸದ ಸ್ಥಳದಲ್ಲಿಯೂ ಎಷ್ಟೋ ವೇಳೆ ಕಿರುಸಂದೇಶ ಬಂದು ಸೇರುತ್ತದೆ. ಫೋನ್ ತಾತ್ಕಾಲಿಕವಾಗಿ ಸಂಪರ್ಕದಲ್ಲಿರದಿದ್ದರೆ ಸಂದೇಶ ಮೊಬೈಲ್ ಸಂಸ್ಥೆಯ ಸಂದೇಶ ಕೇಂದ್ರದಲ್ಲಿ ಕಾದಿದ್ದು, ಸಂಪರ್ಕ ದೊರೆತಾಗ ತಲುಪುತ್ತದೆ.

ಇದಕ್ಕೂ ಮಿತಿಗಳಿವೆ. ಕಿರುಸಂದೇಶ ತಲುಪಿಯೇ ತೀರುತ್ತದೆ ಎಂಬ ಖಾತರಿ ಇಲ್ಲ. ಹಬ್ಬದ ದಿನಗಳಂತಹ ದಟ್ಟಣೆಯ ವೇಳೆ ವಿಳಂಬವಾಗಬಹುದು. ಆದ್ದರಿಂದ ಒಂದೇ ಸಂಖ್ಯೆಗೆ, ಒಂದೇ ಸಲ ಕಳುಹಿಸಿ ಸುಮ್ಮನಾಗುವ ವ್ಯವಸ್ಥೆ ಸಾಲದು.

ಸಂದೇಶ ಕಳುಹಿಸುವ ಎರಡು ವಿಧಾನಗಳು

ಅ) ಮೋಡೆಮ್ ವಿಧಾನ: ಸಿಮ್ ಹಾಕಿದ ಜಿಎಸ್‌ಎಂ ಮೋಡೆಮ್ ಒಂದನ್ನು ಯುಎಸ್‌ಬಿ ಅಥವಾ ಸೀರಿಯಲ್ ತಂತಿಯಿಂದ ನಿಗಾ ಗಣಕಕ್ಕೆ ಜೋಡಿಸಲಾಗುತ್ತದೆ. ಗಮ್ಮು, ಎಸ್‌ಎಂಎಸ್ ಸರ್ವರ್ ಟೂಲ್ಸ್ ಮುಂತಾದ ಮುಕ್ತ ತಂತ್ರಾಂಶಗಳು ‘ಎಟಿ ಆಜ್ಞೆಗಳು’ ಎಂಬ ಸರಳ ಸೂಚನೆಗಳ ಮೂಲಕ ಮೋಡೆಮ್‌ನಿಂದ ಸಂದೇಶ ಕಳುಹಿಸುತ್ತವೆ. ಅಂತರ್ಜಾಲ ಪೂರ್ತಿ ಕಡಿದಿದ್ದರೂ ಈ ವಿಧಾನದಲ್ಲಿ ಸಂದೇಶ ಹೊರಡುತ್ತದೆ.

ಮೋಡೆಮ್ ಕೊಳ್ಳುವಾಗ ಮತ್ತು ಬಳಸುವಾಗ ಗಮನಿಸಬೇಕಾದ ಅಂಶಗಳು:

• 2ಜಿ ಮೋಡೆಮ್‌ಗೆ 2ಜಿ ಜಾಲವಿರುವ ಸಂಸ್ಥೆಯ ಸಿಮ್ ಮಾತ್ರ ಹೊಂದುತ್ತದೆ. ಹೊಸದಾಗಿ ಕೊಳ್ಳುವವರು 4ಜಿ ಮೋಡೆಮ್ ಆರಿಸುವುದು ಸೂಕ್ತ.
• ಸರ್ವರ್ ಕೊಠಡಿಯೊಳಗೆ ಸಿಗ್ನಲ್ ಕಡಿಮೆಯಿದ್ದರೆ ಆಂಟೆನಾವನ್ನು ಕಿಟಕಿಯ ಬಳಿಗೆ ಎಳೆಯಬೇಕು.
• ಸಿಮ್‌ನ ಪಿನ್ ಬೀಗವನ್ನು ತೆಗೆದಿರಬೇಕು. ಇಲ್ಲವಾದರೆ ವಿದ್ಯುತ್ ಹೋಗಿ ಬಂದಾಗ ಮೋಡೆಮ್ ಜಾಲಕ್ಕೆ ಸೇರದು.
• ರೀಚಾರ್ಜ್ ಅವಧಿ ಮುಗಿಯುವ ದಿನವನ್ನು ಕಚೇರಿಯ ಪಂಚಾಂಗದಲ್ಲಿ ಗುರುತಿಸಬೇಕು. ಅನೇಕ ಪ್ಯಾಕ್‌ಗಳಲ್ಲಿ ದಿನಕ್ಕೆ 100 ಸಂದೇಶಗಳ ಮಿತಿ ಇರುವುದನ್ನು ನೆನಪಿಡಬೇಕು.

ಆ) ಗೇಟ್‌ವೇ ವಿಧಾನ: ಸಂದೇಶ ಸೇವೆ ಒದಗಿಸುವ ಸಂಸ್ಥೆಯೊಂದರ ಮೂಲಕ, ಅಂತರ್ಜಾಲದ ಕೋರಿಕೆಯಾಗಿ ಸಂದೇಶವನ್ನು ಕಳುಹಿಸಲಾಗುತ್ತದೆ. ಏಕಕಾಲದಲ್ಲಿ ಅನೇಕರಿಗೆ ಕಳುಹಿಸಲು ಇದು ಅನುಕೂಲ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿಯಂತೆ, ಕಳುಹಿಸುವ ಸಂಸ್ಥೆ, ಸಂದೇಶದ ತಲೆಯಲ್ಲಿ ಕಾಣುವ ಹೆಸರು ಮತ್ತು ಸಂದೇಶದ ಮಾದರಿ ಇವೆಲ್ಲವೂ ಮೊದಲೇ ನೋಂದಣಿಯಾಗಿರಬೇಕು. ನೋಂದಾಯಿತ ಮಾದರಿಗೆ ಹೊಂದದ ಸಂದೇಶವನ್ನು ಮೊಬೈಲ್ ಸಂಸ್ಥೆಗಳು ತಡೆಹಿಡಿಯುತ್ತವೆ. ಆದ್ದರಿಂದ ಸೇವೆಯ ಹೆಸರು ಮತ್ತು ಸಮಯ ಬದಲಾಗುವಂತೆ ಜಾಗ ಬಿಟ್ಟ ಮಾದರಿಗಳನ್ನು ಮುಂಚಿತವಾಗಿ ನೋಂದಾಯಿಸಿಕೊಳ್ಳಬೇಕು.

ಗೇಟ್‌ವೇ ತಲುಪಲು ಅಂತರ್ಜಾಲ ಬೇಕೇ ಬೇಕು. ಕಚೇರಿಯ ಸಂಪರ್ಕ ಕಡಿದಾಗ ಈ ಮಾರ್ಗವೂ ಮುಚ್ಚುತ್ತದೆ. ಹೀಗಾಗಿ ಕಚೇರಿಯೊಳಗಿನ ನಿಗಾ ಗಣಕಕ್ಕೆ ಮೋಡೆಮ್ ವಿಧಾನವನ್ನೇ ಮುಖ್ಯ ಮಾರ್ಗವಾಗಿಯೂ ಗೇಟ್‌ವೇಯನ್ನು ಎರಡನೆಯ ಮಾರ್ಗವಾಗಿಯೂ ಇರಿಸಿಕೊಳ್ಳುವುದು ಒಳಿತು. ಸಿಬ್ಬಂದಿಗೆ ಎಚ್ಚರಿಕೆ ನೀಡಲು ಇರಿಸಿದ ಮೋಡೆಮ್‌ನಿಂದ ರೈತರಿಗೆ ಸಾಮೂಹಿಕ ಸಂದೇಶಗಳನ್ನು ಕಳುಹಿಸಬಾರದು. ಅವು ನೋಂದಾಯಿತ ಗೇಟ್‌ವೇ ಮೂಲಕವೇ ಹೋಗಬೇಕು.

ಸಂದೇಶದ ರಚನೆ

ರೋಮನ್ ಲಿಪಿಯ ಒಂದು ಕಿರುಸಂದೇಶದಲ್ಲಿ 160 ಅಕ್ಷರಗಳಿಗೆ ಅವಕಾಶವಿದ್ದರೆ, ಕನ್ನಡ ಲಿಪಿಯ ಸಂದೇಶದಲ್ಲಿ 70 ಸ್ಥಾನಗಳು ಮಾತ್ರ ದೊರೆಯುತ್ತವೆ. ಗುಣಿತಾಕ್ಷರ ಮತ್ತು ಒತ್ತಕ್ಷರಗಳು ಒಂದಕ್ಕಿಂತ ಹೆಚ್ಚು ಸ್ಥಾನಗಳನ್ನು ಬಳಸುತ್ತವೆ. ‘ಕೃಷಿ’ ಎಂಬ ಎರಡಕ್ಷರದ ಪದಕ್ಕೆ ನಾಲ್ಕು ಸ್ಥಾನ, ‘ಸರ್ವರ್’ ಎಂಬುದಕ್ಕೆ ಆರು ಸ್ಥಾನ ಬೇಕು. ಮಿತಿ ಮೀರಿದರೆ ಸಂದೇಶ ತುಂಡಾಗುತ್ತದೆ. ಆಗ ಪ್ರತಿ ತುಂಡಿನಲ್ಲಿ ಕನ್ನಡಕ್ಕೆ 67 ಸ್ಥಾನಗಳಷ್ಟೇ ಉಳಿಯುತ್ತವೆ. ತುಂಡುಗಳಲ್ಲಿ ಒಂದು ತಡವಾದರೂ ಸಂದೇಶ ಪೂರ್ತಿಯಾಗಿ ಕಾಣದು.

ಉತ್ತಮ ಎಚ್ಚರಿಕೆ ಸಂದೇಶವು ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಬೇಕು: ಏನಾಗಿದೆ, ಯಾವ ಸೇವೆಗೆ, ಎಂದಿನಿಂದ, ಎಷ್ಟು ಖಚಿತ. ಒಂದು ಮಾದರಿ ಹೀಗಿದೆ:

‘ನಿಂತಿದೆ: ಹವಾಮಾನ ದತ್ತಾಂಶ, 06:10ರಿಂದ. 3 ಯತ್ನ ವಿಫಲ. ಅಂತರ್ಜಾಲ ಸರಿ ಇದೆ.’

ಇದು 66 ಸ್ಥಾನಗಳಲ್ಲಿ ಮುಗಿಯುತ್ತದೆ. ಅಂತರ್ಜಾಲ ಸರಿ ಇದೆ ಎಂಬ ಕೊನೆಯ ವಾಕ್ಯದಿಂದ, ತೊಂದರೆ ಸಂಪರ್ಕದಲ್ಲಿಲ್ಲ, ಸರ್ವರ್‌ನಲ್ಲಿ ಅಥವಾ ಹವಾಮಾನ ಕೇಂದ್ರದಲ್ಲಿ ಇದೆ ಎಂಬುದು ಓದುವವರಿಗೆ ಕೂಡಲೇ ತಿಳಿಯುತ್ತದೆ. ಸೇವೆ ಮರಳಿದಾಗ ಅದನ್ನೂ ತಿಳಿಸಬೇಕು:

‘ಸರಿಯಾಗಿದೆ: ಹವಾಮಾನ ದತ್ತಾಂಶ, 07:25. ನಿಂತ ಅವಧಿ 75 ನಿಮಿಷ.’

ಈ ಎರಡನೆಯ ಸಂದೇಶ ಬಾರದಿದ್ದರೆ, ಅರ್ಧ ದಾರಿ ಬಂದ ಸಿಬ್ಬಂದಿಗೆ ದೋಷ ತಾನಾಗಿ ಸರಿಹೋದದ್ದು ತಿಳಿಯುವುದಿಲ್ಲ.

ಸಂದೇಶದಲ್ಲಿ ಪಾಸ್‌ವರ್ಡ್, ಒಳಜಾಲದ ವಿಳಾಸ ಮುಂತಾದ ವಿವರಗಳನ್ನು ಎಂದೂ ಬರೆಯಬಾರದು. ಕಿರುಸಂದೇಶದ ಮೂಲಕವೇ ಸರ್ವರ್‌ಗೆ ಆಜ್ಞೆ ನೀಡುವ ಏರ್ಪಾಡನ್ನೂ ತಪ್ಪಿಸುವುದು ಲೇಸು. ಕಳುಹಿಸಿದವರ ಸಂಖ್ಯೆಯನ್ನು ನಕಲು ಮಾಡಲು ಸಾಧ್ಯವಿರುವುದರಿಂದ ಸಂಖ್ಯೆಯನ್ನಷ್ಟೇ ನಂಬುವಂತಿಲ್ಲ.

ಸುಳ್ಳು ಎಚ್ಚರಿಕೆಗಳನ್ನು ತಡೆಯುವುದು

‘ತೋಳ ಬಂತು ತೋಳ’ ಎಂದು ಕೂಗಿದ ಕುರಿಗಾಹಿ ಹುಡುಗನ ಕಥೆ ಎಲ್ಲರಿಗೂ ಗೊತ್ತು. ದಿನಕ್ಕೆ ಮೂವತ್ತು ಸಂದೇಶ ಬಂದು ಅವುಗಳಲ್ಲಿ ಇಪ್ಪತ್ತೊಂಬತ್ತು ಅನಗತ್ಯವಾದರೆ, ಸ್ವೀಕರಿಸುವವರು ಕೆಲವೇ ದಿನಗಳಲ್ಲಿ ಓದುವುದನ್ನು ಬಿಡುತ್ತಾರೆ. ಮೂವತ್ತನೆಯ ನಿಜವಾದ ಎಚ್ಚರಿಕೆಯೂ ಅವುಗಳ ನಡುವೆ ಕಳೆದುಹೋಗುತ್ತದೆ. ನಿಗಾ ವ್ಯವಸ್ಥೆಗಳು ವಿಫಲವಾಗುವುದಕ್ಕೆ ಇದು ಸಾಮಾನ್ಯ ಕಾರಣ. ಇದನ್ನು ತಡೆಯಲು ಕೆಳಗಿನ ಕ್ರಮಗಳನ್ನು ಅನುಸರಿಸಬೇಕು.

ಮರುಪರೀಕ್ಷೆ: ಒಂದು ಸಲ ಉತ್ತರ ಬಾರದ ಮಾತ್ರಕ್ಕೆ ಸಂದೇಶ ಕಳುಹಿಸಬಾರದು. ಐದು ನಿಮಿಷಕ್ಕೊಮ್ಮೆ ಪರೀಕ್ಷೆ ನಡೆಯುತ್ತಿದ್ದು, ವಿಫಲವಾದಾಗ ಒಂದೊಂದು ನಿಮಿಷದ ಅಂತರದಲ್ಲಿ ಇನ್ನೆರಡು ಸಲ ಪರೀಕ್ಷಿಸಿ, ಮೂರೂ ವಿಫಲವಾದರೆ ಮಾತ್ರ ಸಂದೇಶ ಹೊರಡುವಂತೆ ಮಾಡಬಹುದು. ಹೀಗೆ ಮಾಡಿದರೂ ದೋಷ ಉಂಟಾದ ಸುಮಾರು ಏಳು ನಿಮಿಷಗಳ ಒಳಗೆ ಎಚ್ಚರಿಕೆ ಹೊರಡುತ್ತದೆ. ನಾಗಿಯೋಸ್‌ನಲ್ಲಿ ಈ ಎರಡು ಸ್ಥಿತಿಗಳನ್ನು ‘ಸಾಫ್ಟ್’ ಮತ್ತು ‘ಹಾರ್ಡ್’ ಎಂದು ಕರೆಯಲಾಗುತ್ತದೆ. ಸಂದೇಶ ಹೊರಡುವುದು ಹಾರ್ಡ್ ಸ್ಥಿತಿಯಲ್ಲಿ.

ಅವಲಂಬನೆಯ ನಕ್ಷೆ: ಆವರಣದ ಮುಖ್ಯ ಸ್ವಿಚ್ ನಿಂತರೆ ಅದರಾಚೆಗಿನ ನಲವತ್ತು ಸೇವೆಗಳೂ ಕಾಣದಾಗುತ್ತವೆ. ಯಾವ ಯಂತ್ರ ಯಾವುದರ ಮೂಲಕ ತಲುಪುತ್ತದೆ ಎಂಬುದನ್ನು ತಂತ್ರಾಂಶಕ್ಕೆ ತಿಳಿಸಿದ್ದರೆ, ಸ್ವಿಚ್ ನಿಂತಿದೆ ಎಂಬ ಒಂದೇ ಸಂದೇಶ ಬರುತ್ತದೆ. ತಿಳಿಸದಿದ್ದರೆ ನಲವತ್ತು ಸಂದೇಶಗಳು ಬಂದು ಮೂಲ ಕಾರಣ ಮರೆಯಾಗುತ್ತದೆ.

ತೂಗಾಟದ ಗುರುತು: ವಿದ್ಯುತ್ ಪದೇ ಪದೇ ಹೋಗಿ ಬರುವ ಕಡೆ ಸೇವೆಯೂ ನಿಲ್ಲುತ್ತಾ ಮರಳುತ್ತಾ ಇರುತ್ತದೆ. ಪ್ರತಿ ಬದಲಾವಣೆಗೂ ಸಂದೇಶ ಕಳುಹಿಸುವ ಬದಲು ‘ಅಸ್ಥಿರವಾಗಿದೆ’ ಎಂದು ಒಮ್ಮೆ ತಿಳಿಸುವ ಸೌಲಭ್ಯವನ್ನು ಬಳಸಬೇಕು.

ನಿಗದಿತ ದುರಸ್ತಿ: ಮುಂಚಿತವಾಗಿ ಗೊತ್ತಿರುವ ದುರಸ್ತಿಯ ಅವಧಿಯನ್ನು ತಂತ್ರಾಂಶದಲ್ಲಿ ನಮೂದಿಸಿದರೆ ಆ ಅವಧಿಯಲ್ಲಿ ಸಂದೇಶಗಳು ಹೊರಡುವುದಿಲ್ಲ.

ತುರ್ತಿನ ವಿಂಗಡಣೆ: ಡಿಸ್ಕ್ ಶೇ. 80 ತುಂಬಿದ ಸುದ್ದಿ ಬೆಳಗಿನವರೆಗೆ ಕಾಯಬಹುದು. ಅದನ್ನು ಇಮೇಲ್ ಮೂಲಕ ತಿಳಿಸಿದರೆ ಸಾಕು. ನಡುರಾತ್ರಿ ಎಬ್ಬಿಸಲು ಯೋಗ್ಯವಾದ ವಿಷಯಗಳಿಗೆ ಮಾತ್ರ ಕಿರುಸಂದೇಶವನ್ನು ಮೀಸಲಿಡಬೇಕು. ‘ಈ ಸಂದೇಶ ಬಂದಾಗ ಓದಿದವರು ಮಾಡಬೇಕಾದ ಕೆಲಸವೇನು?’ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಸಂದೇಶವನ್ನು ಪಟ್ಟಿಯಿಂದ ತೆಗೆಯಬೇಕು.

ಸಂದೇಶ ಯಾರಿಗೆ ಹೋಗಬೇಕು?

ಎಲ್ಲರಿಗೂ ಹೋದ ಸಂದೇಶವನ್ನು ಬೇರೆ ಯಾರೋ ನೋಡಿಕೊಳ್ಳುತ್ತಾರೆಂದು ಎಲ್ಲರೂ ಭಾವಿಸುವುದುಂಟು. ಆದ್ದರಿಂದ ಪ್ರತಿ ವಾರಕ್ಕೂ ಒಬ್ಬರನ್ನು ಸರದಿಯಂತೆ ಹೊಣೆಗಾರರನ್ನಾಗಿ ಗೊತ್ತುಪಡಿಸಿ, ಮೊದಲ ಸಂದೇಶ ಅವರಿಗೆ ಹೋಗುವಂತೆ ಮಾಡಬೇಕು. ಅವರು ‘ನೋಡಿದ್ದೇನೆ’ ಎಂದು ತಂತ್ರಾಂಶದಲ್ಲಿ ದಾಖಲಿಸಬೇಕು. 15 ನಿಮಿಷಗಳಲ್ಲಿ ದಾಖಲಾಗದಿದ್ದರೆ ಎರಡನೆಯವರಿಗೆ, 45 ನಿಮಿಷಗಳಾದರೂ ಯಾರೂ ಸ್ಪಂದಿಸದಿದ್ದರೆ ಕೇಂದ್ರದ ಮುಖ್ಯಸ್ಥರಿಗೆ ಸಂದೇಶ ಹೋಗುವಂತೆ ಏರಿಕೆಯ ಕ್ರಮವನ್ನು ರೂಪಿಸಬಹುದು. ಸ್ಥಳೀಯ ಅನುಕೂಲಕ್ಕೆ ತಕ್ಕಂತೆ ಈ ಅವಧಿಗಳನ್ನು ಬದಲಿಸಿಕೊಳ್ಳಬಹುದು.

ವರ್ಗಾವಣೆ, ನಿವೃತ್ತಿ, ರಜೆ ಇವು ಸರ್ಕಾರಿ ಮತ್ತು ವಿಶ್ವವಿದ್ಯಾಲಯದ ಕಚೇರಿಗಳಲ್ಲಿ ಸಹಜ. ವರ್ಗಾವಣೆಯಾದ ಅಧಿಕಾರಿಯ ಸ್ವಂತ ಸಂಖ್ಯೆಗೆ ವರ್ಷಗಟ್ಟಲೆ ಎಚ್ಚರಿಕೆ ಹೋಗುತ್ತಿದ್ದರೆ ಆ ವ್ಯವಸ್ಥೆ ಇದ್ದೂ ಇಲ್ಲದಂತೆ. ಹುದ್ದೆಗೆ ಸೇರಿದ ಒಂದು ಸಿಮ್ ಮತ್ತು ಫೋನನ್ನು ಸರದಿಯಲ್ಲಿರುವವರಿಗೆ ಹಸ್ತಾಂತರಿಸುವ ಪದ್ಧತಿ ಇದಕ್ಕೆ ಸುಲಭ ಪರಿಹಾರ.

ಸಂದೇಶದೊಂದಿಗೆ ಕ್ರಮದ ಹಾಳೆಯೂ ಇರಬೇಕು. ಪ್ರತಿಯೊಂದು ಸೇವೆಗೂ ಒಂದು ಪುಟದಲ್ಲಿ, ಮೊದಲು ನೋಡಬೇಕಾದದ್ದು, ಮರುಚಾಲನೆಯ ವಿಧಾನ, ಸಂಪರ್ಕಿಸಬೇಕಾದ ತಂತ್ರಜ್ಞರು ಮತ್ತು ಸೇವೆ ಬೇಗ ಮರಳದಿದ್ದರೆ ರೈತರಿಗೆ ಸಲಹೆಯನ್ನು ತಲುಪಿಸುವ ಬದಲಿ ಮಾರ್ಗ ಇವುಗಳನ್ನು ಬರೆದಿಡಬೇಕು. ಆಕಾಶವಾಣಿ, ರೈತ ಸಂಪರ್ಕ ಕೇಂದ್ರ, ಗ್ರಾಮ ಪಂಚಾಯಿತಿಯ ಸೂಚನಾ ಫಲಕ ಇವು ಬದಲಿ ಮಾರ್ಗಗಳಾಗಬಹುದು.

ನಿಗಾ ಗಣಕದ ಮೇಲೆ ನಿಗಾ

ಸಂದೇಶ ಬಾರದಿರುವುದಕ್ಕೆ ಎರಡು ಅರ್ಥಗಳಿವೆ: ಎಲ್ಲವೂ ಸರಿಯಿದೆ, ಅಥವಾ ನಿಗಾ ಗಣಕವೇ ನಿಂತಿದೆ. ಇವೆರಡನ್ನು ಬೇರ್ಪಡಿಸಲು ಮೂರು ಉಪಾಯಗಳಿವೆ.

• ಪ್ರತಿದಿನ ಬೆಳಿಗ್ಗೆ 8 ಗಂಟೆಗೆ ‘ನಿಗಾ ಚಾಲ್ತಿಯಲ್ಲಿದೆ’ ಎಂಬ ಸಂದೇಶ ಬರುವಂತೆ ಮಾಡಬೇಕು. ಅದು ಬಾರದ ದಿನ ಮೋಡೆಮ್, ಸಿಮ್ ಮತ್ತು ಗಣಕವನ್ನು ಪರೀಕ್ಷಿಸಬೇಕು. ರೀಚಾರ್ಜ್ ಮುಗಿದದ್ದೂ ಇದರಿಂದಲೇ ತಿಳಿಯುತ್ತದೆ.
• ಬೇರೊಂದು ಊರಿನ ಕೇಂದ್ರದಲ್ಲಿ ಇನ್ನೊಂದು ನಿಗಾ ಗಣಕವಿದ್ದು, ಎರಡೂ ಪರಸ್ಪರ ನೋಡಿಕೊಳ್ಳುವಂತಿರಬೇಕು. ರೈತರಿಗೆ ಜಾಲತಾಣ ಹೊರಗಿನಿಂದ ಹೇಗೆ ಕಾಣುತ್ತಿದೆ ಎಂಬುದೂ ಆ ಗಣಕದಿಂದಲೇ ಗೊತ್ತಾಗುತ್ತದೆ.
• ನಿಗಾ ಗಣಕ, ಮೋಡೆಮ್, ರೌಟರ್ ಮತ್ತು ಸ್ವಿಚ್‌ಗಳನ್ನು ಯುಪಿಎಸ್‌ಗೆ ಜೋಡಿಸಬೇಕು. ವಿದ್ಯುತ್ ಹೋದೊಡನೆ ನಿಗಾ ಗಣಕವೂ ಆರಿಹೋದರೆ ಆ ಸುದ್ದಿಯನ್ನು ಕಳುಹಿಸುವವರೇ ಇರುವುದಿಲ್ಲ.

ಇವುಗಳ ಜೊತೆಗೆ ತಿಂಗಳಿಗೊಮ್ಮೆ ಪ್ರತ್ಯಕ್ಷ ಪರೀಕ್ಷೆ ನಡೆಸಬೇಕು. ಒಂದು ಸೇವೆಯನ್ನು ಬೇಕೆಂದೇ ನಿಲ್ಲಿಸಿ, ಸಂದೇಶ ಎಷ್ಟು ನಿಮಿಷದಲ್ಲಿ ಯಾರಿಗೆ ತಲುಪಿತು ಎಂದು ಬರೆದಿಡಬೇಕು. ಅಂತರ್ಜಾಲದ ತಂತಿಯನ್ನು ಕಿತ್ತು, ಮೋಡೆಮ್ ಮೂಲಕ ಸಂದೇಶ ಹೊರಟಿತೇ ಎಂದೂ ನೋಡಬೇಕು. ಮುಂಗಾರು ಆರಂಭಕ್ಕೆ ಮುನ್ನ, ಮೇ ತಿಂಗಳಲ್ಲಿ ಈ ಪರೀಕ್ಷೆಯನ್ನು ಕಡ್ಡಾಯವಾಗಿ ಮಾಡುವುದು ಸೂಕ್ತ.

ಸಣ್ಣ ಸಂಸ್ಥೆಗಳಿಗೆ ಸರಳ ವಿಧಾನ

ಒಂದೇ ಹವಾಮಾನ ಕೇಂದ್ರ ಅಥವಾ ಒಂದೇ ಶೀತಲ ಗೃಹ ಹೊಂದಿರುವ ರೈತ ಉತ್ಪಾದಕ ಸಂಸ್ಥೆಗಳಿಗೆ ದೊಡ್ಡ ತಂತ್ರಾಂಶ ಬೇಕಿಲ್ಲ. ಅಂಗೈಯಗಲದ ಗಣಕ, ಮೋಡೆಮ್ ಮತ್ತು ಹತ್ತು ನಿಮಿಷಕ್ಕೊಮ್ಮೆ ತಾನಾಗಿ ನಡೆಯುವ ಕಿರು ಪ್ರೋಗ್ರಾಂ ಸಾಕು. ಅದು ಕೊನೆಯ ದತ್ತಾಂಶದ ಸಮಯವನ್ನು ನೋಡಿ, ತಡವಾಗಿದ್ದರೆ ಸಂದೇಶ ಕಳುಹಿಸುತ್ತದೆ. ಇದೇ ಗಣಕಕ್ಕೆ ಉಷ್ಣಾಂಶ ಸಂವೇದಕವನ್ನು ಜೋಡಿಸಿದರೆ ಶೀತಲ ಗೃಹದ ಉಷ್ಣಾಂಶ ಮಿತಿ ದಾಟಿದಾಗಲೂ ಸಂದೇಶ ಪಡೆಯಬಹುದು. ಬಿತ್ತನೆ ಆಲೂಗಡ್ಡೆಯನ್ನು 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವ ಗೃಹದಲ್ಲಿ ಸಂಕೋಚಕ ಯಂತ್ರ ರಾತ್ರಿ ನಿಂತರೆ, ಬೆಳಿಗ್ಗೆ ಬಾಗಿಲು ತೆರೆಯುವವರೆಗೆ ಕಾಯಬೇಕಾಗಿಲ್ಲ. ಬಾಗಿಲು ತೆರೆದು ಸರಕು ಇಳಿಸುವಾಗ ಉಷ್ಣಾಂಶ ಸ್ವಲ್ಪ ಏರುವುದು ಸಹಜವಾದ್ದರಿಂದ, ಅರ್ಧ ಗಂಟೆ ಸತತವಾಗಿ ಮಿತಿ ಮೀರಿದರೆ ಮಾತ್ರ ಸಂದೇಶ ಹೊರಡುವಂತೆ ಹೊಂದಿಸಬೇಕು.

ಅಳವಡಿಕೆಯ ಹಂತಗಳು

1. ಎಲ್ಲ ಸರ್ವರ್ ಮತ್ತು ಸೇವೆಗಳ ಪಟ್ಟಿ ಮಾಡಿ, ಪ್ರತಿಯೊಂದು ನಿಂತರೆ ಯಾವ ರೈತರಿಗೆ ಏನು ತಪ್ಪುತ್ತದೆ ಎಂದು ಎದುರಿಗೆ ಬರೆಯಿರಿ.
2. ಅವುಗಳಲ್ಲಿ ಅತಿ ಮುಖ್ಯವಾದ ಐದನ್ನು ಆರಿಸಿ. ಮೊದಲ ದಿನವೇ ಎಲ್ಲವನ್ನೂ ಸೇರಿಸಬೇಡಿ.
3. ಪ್ರತ್ಯೇಕ ನಿಗಾ ಗಣಕ, ಮೋಡೆಮ್ ಮತ್ತು ಯುಪಿಎಸ್ ವ್ಯವಸ್ಥೆ ಮಾಡಿ.
4. ಎರಡು ವಾರ ಸಂದೇಶಗಳನ್ನು ಒಬ್ಬರಿಗೆ ಮಾತ್ರ ಕಳುಹಿಸಿ, ಸುಳ್ಳು ಎಚ್ಚರಿಕೆಗಳ ಕಾರಣ ಕಂಡುಕೊಂಡು ಮಿತಿಗಳನ್ನು ಸರಿಪಡಿಸಿ.
5. ಸರದಿ ಪಟ್ಟಿ, ಏರಿಕೆಯ ಕ್ರಮ ಮತ್ತು ಕ್ರಮದ ಹಾಳೆಗಳನ್ನು ಸಿದ್ಧಪಡಿಸಿ.
6. ದಿನದ ‘ಚಾಲ್ತಿಯಲ್ಲಿದೆ’ ಸಂದೇಶ ಮತ್ತು ತಿಂಗಳ ಪರೀಕ್ಷೆಯನ್ನು ಆರಂಭಿಸಿ.
7. ಸೇವೆ ನಿಂತ ಪ್ರತಿ ಸಂದರ್ಭವನ್ನೂ ಪುಸ್ತಕದಲ್ಲಿ ದಾಖಲಿಸಿ. ವರ್ಷದ ಕೊನೆಯಲ್ಲಿ ಯಾವ ಕೊಂಡಿ ಹೆಚ್ಚು ಸಲ ಕಳಚಿತೆಂದು ಅದರಿಂದ ತಿಳಿಯುತ್ತದೆ. ಮುಂದಿನ ವರ್ಷದ ಅನುದಾನವನ್ನು ಎಲ್ಲಿ ವೆಚ್ಚ ಮಾಡಬೇಕೆಂಬುದಕ್ಕೂ ಆಧಾರ ದೊರೆಯುತ್ತದೆ.

ಮುಕ್ತಾಯ

ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯಂತೆ, ಸಲಹೆ ತಪ್ಪಿದ ಮೇಲೆ ಸರ್ವರ್ ಸರಿಪಡಿಸುವುದರಿಂದ ಬೆಳೆಗೆ ಆದ ಹಾನಿ ತುಂಬದು. ಯಂತ್ರಗಳು ಕೆಡುವುದನ್ನು ಪೂರ್ತಿ ತಪ್ಪಿಸಲಾಗದಿದ್ದರೂ, ಕೆಟ್ಟದ್ದು ಏಳೆಂಟು ನಿಮಿಷಗಳಲ್ಲಿ ಒಬ್ಬ ಹೊಣೆಗಾರರಿಗೆ ತಿಳಿಯುವಂತೆ ಮಾಡುವುದು ಸಾಧ್ಯ. ಸ್ವತಂತ್ರ ಮಾರ್ಗದಲ್ಲಿ ಸಾಗುವ ಸಂದೇಶ, ಅದನ್ನು ಓದಿ ಎದ್ದು ಹೊರಡುವ ಒಬ್ಬ ವ್ಯಕ್ತಿ ಮತ್ತು ತಿಂಗಳಿಗೊಮ್ಮೆ ತಪ್ಪದ ಪರೀಕ್ಷೆ ಈ ಮೂರೂ ಇದ್ದರೆ, ಶುಕ್ರವಾರ ರಾತ್ರಿ ನಿಂತ ಸೇವೆ ಶನಿವಾರ ಬೆಳಿಗ್ಗೆ ರೈತರು ಹೊಲಕ್ಕೆ ಹೊರಡುವ ಮುನ್ನವೇ ಮರಳಬಹುದು.